ಓಡುತ್ತಿದ್ದ ಕಾರು ದಿಢೀರನೆ ನಿಂತರೆ: ದೋಷ ಹುಡುಕುವ ಕ್ರಮ, ರಿಪೇರಿ ಬಿಲ್ಲಿನ ಲೆಕ್ಕ

ಕೆಟ್ಟಿರುವುದು ಸಾವಿರ ರೂಪಾಯಿಯ ಸೆನ್ಸರ್, ಬದಲಾಗುವುದು ಬ್ಯಾಟರಿ, ಪ್ಲಗ್, ಪೆಟ್ರೋಲ್ ಪಂಪ್. ಹೀಗಾಗುವುದು ಅಪರೂಪವೇನಲ್ಲ. ಪರೀಕ್ಷೆ ಮಾಡದೆ ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಹಾಕಿ ನೋಡಿದರೆ ಗಾಡಿ ಕೊನೆಗೆ ಸರಿಹೋಗಬಹುದು, ಆದರೆ ನಡುವೆ ಹಾಕಿದ ಎಲ್ಲದಕ್ಕೂ ದುಡ್ಡು ಕೊಡುವವರು ಮಾಲೀಕರೇ. ಕೆಳಗಿನ ಕ್ರಮ ಮುಖ್ಯವಾಗಿ ಫ್ಯುಯೆಲ್ ಇಂಜೆಕ್ಷನ್ ಇರುವ ಸಣ್ಣ ಪೆಟ್ರೋಲ್ ಕಾರುಗಳಿಗೆ ಬರೆದದ್ದು. ಡೀಸೆಲ್‌ನಲ್ಲಿ ಬೇರೆಯಾಗುವ ಕಡೆ ಹೇಳಿದ್ದೇವೆ.

ಮೊದಲು ರಸ್ತೆಯ ಮಾತು. ಎಂಜಿನ್ ಆಫ್ ಆದ ಕೂಡಲೇ ಸ್ಟೀರಿಂಗ್ ಗಟ್ಟಿಯಾಗುತ್ತದೆ. ಬ್ರೇಕ್ ಬೂಸ್ಟರ್‌ನಲ್ಲಿ ಒಂದೆರಡು ಸಲ ಒತ್ತುವಷ್ಟು ವ್ಯಾಕ್ಯೂಮ್ ಮಾತ್ರ ಉಳಿದಿರುತ್ತದೆ. ಆದ್ದರಿಂದ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಡಿ; ಒಂದೇ ಸಲ ಹದವಾಗಿ ಒತ್ತಿ ಹಿಡಿದು ಎಡಕ್ಕೆ ತನ್ನಿ. ಗಾಡಿ ಪೂರ್ತಿ ನಿಲ್ಲುವವರೆಗೆ ಕೀಲಿ ಕಿತ್ತುಕೊಳ್ಳಬೇಡಿ, ಸ್ಟೀರಿಂಗ್ ಲಾಕ್ ಬೀಳುತ್ತದೆ. ಹಜಾರ್ಡ್ ಲೈಟ್ ಹಾಕಿ, ಡಿಕ್ಕಿಯಲ್ಲಿರುವ ತ್ರಿಕೋನವನ್ನು ಹಿಂದೆ ಐವತ್ತು ಮೀಟರ್ ಆಚೆ ಇಡಿ. ತಿರುವಿನಲ್ಲಿ ನಿಂತಿದ್ದರೆ ತಿರುವಿಗೂ ಹಿಂದೆ ಇಡಿ. ಜನರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಾದರೆ ಸಹಾಯವಾಣಿ 1033, ಅಪಾಯವಿದ್ದರೆ 112.

ಹೇಗೆ ನಿಂತಿತು?

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಇದನ್ನು ನೆನಪು ಮಾಡಿಕೊಂಡು ಬರೆದಿಟ್ಟುಕೊಳ್ಳಿ. ಆಮೇಲೆ ಯಾವ ಯಂತ್ರ ತಂದು ಚುಚ್ಚಿದರೂ ಸಿಗದ ಮಾಹಿತಿ ಇದು.

ಸ್ವಿಚ್ ಆರಿಸಿದಂತೆ ಒಮ್ಮೆಲೇ ಆಫ್ ಆಯಿತೇ? ಹಾಗಾದರೆ ವಿದ್ಯುತ್ ಕಡೆ ನೋಡಬೇಕು: ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುತ್ತಿರುವುದನ್ನು ಎಂಜಿನ್ ಕಂಪ್ಯೂಟರಿಗೆ ತಿಳಿಸುವುದು), ಮುಖ್ಯ ರಿಲೇ (ಕರೆಂಟ್ ಹಾಯಿಸುವ ವಿದ್ಯುತ್ ಸ್ವಿಚ್), ಇಗ್ನಿಷನ್ ಸ್ವಿಚ್. ಪಿಸ್ಟನ್ ಮತ್ತು ವಾಲ್ವ್‌ಗಳ ಓಟವನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಕಡಿದಾಗಲೂ ಹೀಗೇ ನಿಲ್ಲುತ್ತದೆ. ಎಳೆತ ಕಮ್ಮಿಯಾಗಿ, ಜರ್ಕ್ ಹೊಡೆದು, ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗಿ ನಿಂತಿದ್ದರೆ ಅದು ಇಂಧನದ ತೊಂದರೆ. ಮೊದಲು ಬ್ಯಾಟರಿ ಚಿಹ್ನೆಯ ಕೆಂಪು ದೀಪ ಬಂದು, ಹೆಡ್‌ಲೈಟ್ ಮಂಕಾಗಿ, ಆಮೇಲೆ ನಿಂತಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿದಾಗ ಮಾತ್ರ ಆಫ್ ಆಗಿ, ಕೂಡಲೇ ಸ್ಟಾರ್ಟ್ ಆಗುತ್ತಿದ್ದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ಅದು ಐನೂರರಿಂದ ಸಾವಿರ ರೂಪಾಯಿಯ ಕ್ಲೀನಿಂಗ್ ಕೆಲಸ, ಅಷ್ಟೇ.

ಎಂಜಿನ್ ಇನ್ನೂ ಓಡುತ್ತಿದ್ದಾಗಲೇ ಎಣ್ಣೆ ಬುಡ್ಡಿಯ ಕೆಂಪು ದೀಪ ಬಂದಿದ್ದರೆ, ಅಥವಾ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗಿದ್ದರೆ ಇಲ್ಲಿಗೆ ನಿಲ್ಲಿಸಿ. ಮತ್ತೆ ಸ್ಟಾರ್ಟ್ ಮಾಡಿ ನೋಡುವ ಪ್ರಶ್ನೆಯೇ ಇಲ್ಲ. ಆಯಿಲ್ ಪ್ರೆಶರ್ ಇಲ್ಲದೆ ಒಂದೆರಡು ನಿಮಿಷ ಓಡಿದರೂ ಬೇರಿಂಗ್ ಸವೆದು ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ.

ಸೆಲ್ಫ್ ತಿರುಗುತ್ತದೆಯೇ?

ಮೇಲಿನ ಎರಡು ಲಕ್ಷಣಗಳಿಲ್ಲದಿದ್ದರೆ ಕೀಲಿ ತಿರುಗಿಸಿ. ಟಕ್ ಟಕ್ ಅಂದು ಡ್ಯಾಶ್‌ಬೋರ್ಡ್ ದೀಪಗಳು ಮಿಣುಕಿದರೆ ಬ್ಯಾಟರಿಗೆ ಶಕ್ತಿ ಇಲ್ಲ, ಅಥವಾ ಇದ್ದ ಶಕ್ತಿ ಸೆಲ್ಫ್ ಮೋಟರ್‌ವರೆಗೆ ಹೋಗುತ್ತಿಲ್ಲ. ಬಾನೆಟ್ ಎತ್ತಿ ಬ್ಯಾಟರಿ ಟರ್ಮಿನಲ್ ಕ್ಲಾಂಪನ್ನು ಕೈಯಲ್ಲಿ ತಿರುಚಿ ನೋಡಿ. ಅಲುಗಾಡಿದರೆ ಹತ್ತರ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ನೆಗೆಟಿವ್ ಮೊದಲು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಪಾಸಿಟಿವ್ ಮೊದಲು ಹಾಕಿ.

ಒಂದು ಮಲ್ಟಿಮೀಟರ್ ಗಾಡಿಯಲ್ಲಿ ಇಟ್ಟುಕೊಂಡರೆ ಅದರ ಬೆಲೆ ಒಂದೇ ಸಲಕ್ಕೆ ವಸೂಲಾಗುತ್ತದೆ. ಆಫ್ ಇರುವಾಗ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.0ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ, ಮೊದಲೇ ಚಾರ್ಜ್ ತುಂಬಿದ್ದ ಪಕ್ಷದಲ್ಲಿ, ಬ್ಯಾಟರಿಯೇ ಹಳತಾಗಿದೆ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. 12ರ ಆಸುಪಾಸಿನಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಅಲ್ಲಿ ಹೊಸ ಬ್ಯಾಟರಿ ಹಾಕಿದರೆ ಅದೂ ಸ್ವಲ್ಪ ದೂರ ಓಡಿ ಬರಿದಾಗುತ್ತದೆ.

ಬ್ಯಾಟರಿಯಲ್ಲಿ ವೋಲ್ಟ್ ಚೆನ್ನಾಗಿದ್ದೂ ಸೆಲ್ಫ್ ಎಳೆಯದಿದ್ದರೆ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ನಿಗೆ ಇರುವ ಸಂಪರ್ಕ ನೋಡಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ, ಮತ್ತೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳಲ್ಲಿ ಇದನ್ನು ಮೊದಲೇ ನೋಡುವುದು ಒಳ್ಳೆಯದು. ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಇಂಥ ಕೆಲಸಕ್ಕೆ ಸೆಲ್ಫ್ ಮೋಟರ್ ಬದಲಾಯಿಸಿದ ಬಿಲ್‌ಗಳೂ ಇವೆ.

ಬೇರೆ ಗಾಡಿಯಿಂದ ಜಂಪ್ ಕೊಡುವುದಾದರೆ ಕೆಂಪು ವೈರ್ ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯದರ ಪಾಸಿಟಿವ್‌ಗೆ. ಕಪ್ಪು ವೈರ್ ಒಳ್ಳೆಯದರ ನೆಗೆಟಿವ್‌ಗೆ. ಉಳಿದ ಕೊನೆಯನ್ನು ಸತ್ತ ಗಾಡಿಯ ಎಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ ಹಾಕಿ. ಬ್ಯಾಟರಿ ಹತ್ತಿರ ಕಿಡಿ ಹಾರಿದರೆ ಅಲ್ಲಿ ಸೇರಿರುವ ಹೈಡ್ರೋಜನ್‌ಗೆ ಹತ್ತಿಕೊಳ್ಳುತ್ತದೆ. ತಳ್ಳಿ ಎರಡನೇ ಗೇರಿನಲ್ಲಿ ಸ್ಟಾರ್ಟ್ ಮಾಡುವುದು ಮ್ಯಾನುಯಲ್ ಗೇರಿನ ಗಾಡಿಗೆ ಮಾತ್ರ.

ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹತ್ತುವುದಿಲ್ಲ

ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲೇ. ಆದ್ದರಿಂದ ಕ್ರಮ ತಪ್ಪಿಸಬೇಡಿ.

ಮೊದಲು ಕಿವಿ ಕೊಟ್ಟು ಕೇಳಿ. ಪ್ರತಿ ಸಿಲಿಂಡರ್ ಒತ್ತಡಕ್ಕೆ ಬಂದಾಗ ಎಂಜಿನ್ ‘ರ್‍ರ್-ರ್‍ರ್-ರ್‍ರ್’ ಎಂದು ತಡೆದು ತಡೆದು ತಿರುಗಬೇಕು. ತಡೆಯೇ ಇಲ್ಲದೆ ಎಂದಿಗಿಂತ ವೇಗವಾಗಿ ಸುಯ್ಯೆಂದು ತಿರುಗಿದರೆ ಟೈಮಿಂಗ್ ಬೆಲ್ಟ್ ಕಡಿದಿದೆ ಎಂದು ಶಂಕಿಸಿ, ಅಲ್ಲಿಗೆ ನಿಲ್ಲಿಸಿ. ಬೆಲ್ಟ್ ಕಡಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವ್‌ಗೆ ಹೊಡೆಯುತ್ತದೆ. ಪ್ರತಿ ಸೆಲ್ಫಿಗೂ ನಷ್ಟ ಬೆಳೆಯುತ್ತದೆ. ಸ್ಯಾಂಟ್ರೊ ಜಿಂಗ್, ಡಸ್ಟರ್ ಡೀಸೆಲ್‌ಗಳಲ್ಲಿ ಇರುವುದು ಬೆಲ್ಟ್. ಮಾರುತಿಯ ಕೆ-ಸೀರೀಸ್, ಹುಂಡೈನ 1.2 ಕಪ್ಪಾ ಎಂಜಿನ್‌ಗಳಲ್ಲಿ ಚೈನ್. ಅಲ್ಲಿ ಈ ಭಯ ಕಡಿಮೆ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಕಾಣುತ್ತದೆ. ಒಂದು ಸೆಕೆಂಡ್ ಸೆಲ್ಫ್ ಹೊಡೆಸಿದಾಗ ಕ್ಯಾಮ್ ಅಲುಗದಿದ್ದರೆ ಮುಂದೆ ಪರೀಕ್ಷಿಸುವುದು ಏನೂ ಇಲ್ಲ, ಟೋಯಿಂಗ್ ಕರೆಯಿರಿ.

ಎರಡನೆಯದು ಪಂಪಿನ ಸದ್ದು. ಕೀಲಿಯನ್ನು ಸ್ಟಾರ್ಟ್ ಮಾಡದೆ ಆನ್ ಮಾತ್ರ ಮಾಡಿದಾಗ ಬಹುತೇಕ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗಿಂದ ಎರಡು ಮೂರು ಸೆಕೆಂಡ್ ‘ಗುಂಯ್’ ಎಂದು ಪೆಟ್ರೋಲ್ ಪಂಪ್ ಓಡುತ್ತದೆ. ಎಸಿ, ರೇಡಿಯೊ ಆಫ್ ಮಾಡಿ, ಒಬ್ಬರನ್ನು ಹಿಂದೆ ಕೂರಿಸಿ ಕೇಳಿಸಿ. ಸದ್ದಿಲ್ಲದಿದ್ದರೆ ಫ್ಯೂಸ್ ನೋಡಿ. ಫ್ಯೂಸಿನ ಬಣ್ಣ ಕೆಂಪಾದರೆ 10 ಆಂಪಿಯರ್, ನೀಲಿ 15, ಹಳದಿ 20. ಸುಟ್ಟಿದ್ದರೆ ಅದೇ ಅಳತೆಯದ್ದನ್ನೇ ಹಾಕಿ. ಹಾಕಿದ ಕೂಡಲೇ ಮತ್ತೆ ಸುಟ್ಟರೆ ವೈರಿಂಗ್ ಎಲ್ಲೋ ಲೋಹಕ್ಕೆ ತಾಗುತ್ತಿದೆ. ದೊಡ್ಡ ಫ್ಯೂಸ್ ಹಾಕಿದರೆ ಬೆಂಕಿಗೆ ದಾರಿ. ಫ್ಯೂಸ್ ಚೆನ್ನಾಗಿದ್ದರೆ ರಿಲೇ. ಹಾರ್ನಿನದ್ದೋ ಎಸಿಯದ್ದೋ ರಿಲೇ ಮೇಲೆ ಅದೇ ನಂಬರ್ ಇದ್ದರೆ ಕಿತ್ತು ಅದಲು ಬದಲು ಮಾಡಿ. ಗಾಡಿ ಹತ್ತಿದರೆ ಇನ್ನೂರು ಮುನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯಿತು. ಹಳೆಯ ಫೋರ್ಡ್, ಫಿಯಟ್ ಕಾರುಗಳಲ್ಲಿ ಗುಂಡಿಗೆ ಬಿದ್ದ ರಭಸಕ್ಕೆ ಪೆಟ್ರೋಲ್ ಕಟ್ ಮಾಡುವ ಸ್ವಿಚ್ ಹಾರಿರಬಹುದು. ಅದರ ಬಟನ್ ಒತ್ತಿದರೆ ಸಾಕು.

ಆದರೂ ಪಂಪ್ ಮೌನವಾಗಿದ್ದರೆ ಹಿಂದಿನ ಸೀಟಿನ ಕುಷನ್ ಎತ್ತಿ. ಬಹಳಷ್ಟು ಸಣ್ಣ ಕಾರುಗಳಲ್ಲಿ ಅಲ್ಲೊಂದು ಮುಚ್ಚಳ, ಅದರಡಿ ಪಂಪಿನ ಪ್ಲಗ್ ಇರುತ್ತದೆ. ಪ್ಲಗ್ ಕಿತ್ತು, ವೈರಿನ ಕಡೆಯ ತುದಿಯಲ್ಲಿ ಟೆಸ್ಟ್ ಲ್ಯಾಂಪ್ ಇಟ್ಟು ಕೀಲಿ ಆನ್ ಮಾಡಿಸಿ. ಮೀಟರಿಗಿಂತ ಲ್ಯಾಂಪ್ ವಾಸಿ: ಎಳೆ ಎಳೆಯಾಗಿ ಕಡಿದ ವೈರ್ ಕೂಡ ಮೀಟರಿಗೆ 12 ವೋಲ್ಟ್ ತೋರಿಸಿಬಿಡುತ್ತದೆ, ಲ್ಯಾಂಪಿನ ಕರೆಂಟ್ ಎಳೆಯುವಾಗ ಅದರ ಬಣ್ಣ ಬಯಲಾಗುತ್ತದೆ. ಲ್ಯಾಂಪ್ ಎರಡು ಸೆಕೆಂಡ್ ಪ್ರಕಾಶವಾಗಿ ಉರಿದೂ ಪಂಪ್ ಓಡದಿದ್ದರೆ ಪಂಪ್ ಸತ್ತಿದೆ. ಲ್ಯಾಂಪ್ ಉರಿಯದಿದ್ದರೆ ಪಂಪಿನ ತಪ್ಪಿಲ್ಲ. ತೊಂದರೆ ವೈರ್, ಅರ್ತ್ ಅಥವಾ ಕಂಪ್ಯೂಟರ್ ಕಡೆ ಇದೆ. ಈ ಒಂದು ಪರೀಕ್ಷೆ ಮಾಡದೆ ‘ಪಂಪ್ ಹೋಗಿದೆ ಸಾರ್’ ಎಂದವರಿಗೆ ಒಪ್ಪಿಗೆ ಕೊಡಬೇಡಿ. ಪಂಪ್ ಸತ್ತಿದ್ದೇ ಖಚಿತವಾದರೆ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಲ್ಲಿ ನಾಲ್ಕೇಟು ಹಾಕುತ್ತ ಕೀಲಿ ಆನ್ ಮಾಡಿಸಿ. ಹಿಡಿದುಕೊಂಡ ಮೋಟರ್ ಕೆಲವೊಮ್ಮೆ ಬಿಟ್ಟುಕೊಂಡು ಮನೆ ಮುಟ್ಟಿಸುತ್ತದೆ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವ ಗಾಡಿಗಳಲ್ಲಿ ಪಂಪ್ ಬೇಗ ಸುಡುತ್ತದೆ, ಏಕೆಂದರೆ ಅದನ್ನು ತಂಪಾಗಿಡುವುದೇ ಸುತ್ತಲಿನ ಪೆಟ್ರೋಲ್.

ಪಂಪ್ ಓಡುತ್ತಿದ್ದರೆ ಆರ್‌ಪಿಎಂ ಮುಳ್ಳು ನೋಡಿ. ಸೆಲ್ಫ್ ಹೊಡೆಯುವಾಗ ಅದು 200ರ ಸುಮಾರಿಗೆ ಏಳಬೇಕು. ಸೊನ್ನೆ ಬಿಟ್ಟು ಅಲುಗದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಎಂಜಿನ್ ತಿರುಗುತ್ತಿದೆ ಎಂಬುದೇ ಕಂಪ್ಯೂಟರಿಗೆ ಗೊತ್ತಾಗದೆ ಕಿಡಿ, ಪೆಟ್ರೋಲ್ ಎರಡನ್ನೂ ಕೊಡುವುದಿಲ್ಲ. ಈ ಸೆನ್ಸರ್ ಕೆಡುವ ರೀತಿಯೇ ಬೇರೆ. ಬಿಸಿಯಾದಾಗ ಒಳಗಿನ ಸಂಪರ್ಕ ಬಿಟ್ಟುಹೋಗಿ ಗಾಡಿ ಆಫ್ ಆಗುತ್ತದೆ, ಅರ್ಧ ಗಂಟೆ ತಣಿದರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜು ಮುಟ್ಟುವಷ್ಟರಲ್ಲಿ ತಣಿದಿರುತ್ತದಲ್ಲ, ಅಲ್ಲಿ ‘ಏನೂ ತೊಂದರೆ ಇಲ್ಲ’ ಎನ್ನುತ್ತಾರೆ. ನಿಂತ ಜಾಗದಲ್ಲೇ ಒದ್ದೆ ಬಟ್ಟೆಯಿಂದ ಸೆನ್ಸರ್ ತಣಿಸಿ ಸೆಲ್ಫ್ ಹೊಡೆಯಿರಿ. ಹತ್ತಿದರೆ ಹೆಚ್ಚುಕಡಿಮೆ ಸಾಬೀತಾದಂತೆ. ಸಣ್ಣ ಕಾರಿಗೆ ಸೆನ್ಸರ್ ಸುಮಾರು ಎಂಟುನೂರರಿಂದ ಎರಡೂವರೆ ಸಾವಿರ, ಲೇಬರ್ ಅರ್ಧ ಗಂಟೆಯದ್ದು.

2013ರ ನಂತರದ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಒಬಿಡಿ ಸಾಕೆಟ್ (ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಜಾಗ) ಇರುತ್ತದೆ. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಸ್ಕ್ಯಾನರ್ ಕೂಡ ಕೋಡ್ ಓದುತ್ತದೆ. ಪಿ0335 ಕ್ರ್ಯಾಂಕ್ ಸೆನ್ಸರಿನದ್ದು, ಪಿ0340 ಕ್ಯಾಮ್ ಸೆನ್ಸರಿನದ್ದು, ಪಿ0300 ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು), ಪಿ0562 ವೋಲ್ಟೇಜ್ ಕಮ್ಮಿ. ಕೋಡ್ ಹೇಳುವುದು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಎಂದು ಮಾತ್ರ. ವೈರ್ ಕಡಿದಿದ್ದರೂ ಅದೇ ಕೋಡ್ ಬರುತ್ತದೆ. ನಮ್ಮಲ್ಲಿ ಇಲಿಗಳ ಕಾಟ ಬೇರೆ. ತೋಟದ ಮನೆಯಲ್ಲಾಗಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಾಗಲಿ ನಾಲ್ಕು ದಿನ ನಿಂತಿದ್ದ ಗಾಡಿಯಾದರೆ ಸೆನ್ಸರ್ ಕೊಳ್ಳುವ ಮುಂಚೆ ವೈರಿನ ಗೊಂಚಲನ್ನು ಟಾರ್ಚ್ ಹಾಕಿ ನೋಡಿ. ಒಳಗಿನ ತಾಮ್ರ ಕಾಣುತ್ತಿದ್ದರೆ ಬೆಸುಗೆ ಹಾಕಿ ಸ್ಲೀವ್ ಏರಿಸುವ ಒಳ್ಳೆಯ ಎಲೆಕ್ಟ್ರಿಷಿಯನ್ ಸಾಕು, ಇಡೀ ವೈರಿಂಗ್ ಸೆಟ್ ಬೇಕಿಲ್ಲ.

ಉಳಿದವು ಬೇಗ ಮುಗಿಯುತ್ತವೆ. ಕೀಲಿ ಚಿಹ್ನೆಯ ದೀಪ ಮಿಟುಕುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಲಿಯನ್ನು ಗುರುತಿಸಿಲ್ಲ. ಎರಡನೇ ಕೀಲಿ ಹಾಕಿ ನೋಡಿ. ಬಟನ್ ಸ್ಟಾರ್ಟ್ ಗಾಡಿಯಾದರೆ ಕೀಲಿಯನ್ನೇ ಬಟನ್‌ಗೆ ತಾಗಿಸಿ ಒತ್ತಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಹೆಚ್ಚಾದ ಪೆಟ್ರೋಲ್ ಹೊರಹೋಗುತ್ತದೆ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಕೆಲವೇ ಕಿಲೋಮೀಟರಿನಲ್ಲಿ ನಿಂತಿದ್ದರೆ ಮೆಕ್ಯಾನಿಕ್‌ಗೆ ಹೇಳಿ ಪಾರದರ್ಶಕ ಬಾಟಲಿಯಲ್ಲಿ ಸ್ಯಾಂಪಲ್ ತೆಗೆಸಿ, ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಫೋಟೊ ಮತ್ತು ಬಂಕಿನ ರಸೀದಿ ಎರಡೂ ಜೋಪಾನ. ಡೀಸೆಲ್‌ನಲ್ಲಿ ಟ್ಯಾಂಕ್ ಖಾಲಿಯಾಗಿ ನಿಂತಿದ್ದರೆ ಡೀಸೆಲ್ ಹಾಕಿದರಷ್ಟೇ ಸಾಲದು. ಲೈನಿನಲ್ಲಿ ಗಾಳಿ ಸೇರಿರುತ್ತದೆ. ಕೈ ಪಂಪ್ ಇರುವ ಗಾಡಿಯಾದರೆ ಅದು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಬೇಕು.

ಹೀಟ್ ಆಗಿ ನಿಂತರೆ

ಶಿರಾಡಿ, ಚಾರ್ಮಾಡಿಯಂಥ ಏರಿನಲ್ಲಿ ಮುಳ್ಳು ಏರತೊಡಗಿದ ಕೂಡಲೇ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ವೇಗಕ್ಕೆ ತಿರುಗಿಸಿ. ಸೆಕೆ ತಡೆಯಲಾಗದಿದ್ದರೂ ಎಂಜಿನ್ನಿನ ಶಾಖ ಒಂದಿಷ್ಟು ಒಳಗೆ ಬಂದು ಇಳಿಯುತ್ತದೆ. ಜಾಗ ಸಿಕ್ಕಿದ ಕಡೆ ನಿಲ್ಲಿಸಿ ಆಫ್ ಮಾಡಿ. ಮುಕ್ಕಾಲು ಗಂಟೆಯಾದರೂ ಕಾಯದೆ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ. ಬಿಸಿ ಎಂಜಿನ್ ಮೇಲೆ ತಣ್ಣೀರು ಎರಚಬಾರದು.

ತಣಿದ ಮೇಲೆ ಕೂಲೆಂಟ್ ಮಟ್ಟ ನೋಡಿ ತುಂಬಿಸಿ. ಆಮೇಲೆ ಸ್ಟಾರ್ಟ್ ಮಾಡಿ ಎಸಿ ಹಾಕಿ. ಬಹುತೇಕ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಕೂಡಲೇ ತಿರುಗಬೇಕು. ತಿರುಗದಿದ್ದರೆ ಅದರ ಫ್ಯೂಸ್, ರಿಲೇ, ಕೊನೆಗೆ ಮೋಟರ್. ಫ್ಯಾನ್ ತಿರುಗುತ್ತಿದ್ದು ಕೂಲೆಂಟ್ ಕಮ್ಮಿಯಾಗುತ್ತಿದ್ದರೆ ಹೋಸ್, ವಾಟರ್ ಪಂಪ್, ರೇಡಿಯೇಟರ್ ಸೋರಿಕೆ. ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಮಾಯವಾಗಿ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಅಥವಾ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ. ಅಲ್ಲಿಂದ ಟೋಯಿಂಗ್ ಒಂದೇ ದಾರಿ. ಇನ್ನು ಹತ್ತು ಕಿಲೋಮೀಟರ್ ತಾನೇ ಎಂದು ಓಡಿಸಿದರೆ ಹೆಡ್ ಸೊಟ್ಟಗಾಗುತ್ತದೆ. ಹತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಬಹುದಾದ ಕೆಲಸ ಆಗ ಹಲವು ಪಟ್ಟು ಏರುತ್ತದೆ. ಹೆಡ್ ಬಿಚ್ಚಿದಾಗ ಲೇತ್‌ನಲ್ಲಿ ಸಮತಟ್ಟು ನೋಡಿಸಿದರೇ ಎಂದು ಕೇಳಿ. ನೋಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ನಿಲ್ಲುವುದಿಲ್ಲ.

ಮಳೆನೀರಿನಲ್ಲಿ ನಿಂತ ಗಾಡಿಯ ವಿಷಯ ಪ್ರತ್ಯೇಕ. ಅಂಡರ್‌ಪಾಸಿನಲ್ಲಿ ನೀರು ಬಾನೆಟ್ ಮಟ್ಟಕ್ಕೆ ಬಂದು ಆಫ್ ಆಗಿದ್ದರೆ ಸೆಲ್ಫ್ ಮುಟ್ಟಲೇಬೇಡಿ. ಸಿಲಿಂಡರಿಗೆ ಹೊಕ್ಕ ನೀರನ್ನು ಪಿಸ್ಟನ್ ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಹೀಗೆ ಹಾಳಾದ ಎಂಜಿನ್ನಿಗೆ ಪರಿಹಾರ ಸಿಗುವುದು ಕಷ್ಟ. ಅದಕ್ಕೆಂದೇ ಎಂಜಿನ್ ಪ್ರೊಟೆಕ್ಟ್ ಎಂಬ ಆಡ್-ಆನ್ ಇದೆ. ಇದ್ದಲ್ಲೇ ಫೋಟೊ ತೆಗೆದು, ವಿಮಾ ಕಂಪನಿಗೆ ತಿಳಿಸಿ, ಎತ್ತಿಸಿಕೊಂಡು ಹೋಗಿ.

ದುಡ್ಡಿನ ವಿಷಯ

ಸವೆದು ಕೆಟ್ಟ ಪಂಪ್, ಸೆನ್ಸರ್, ಕ್ಲಚ್‌ಗಳಿಗೆ ವಿಮೆ ದುಡ್ಡು ಕೊಡುವುದಿಲ್ಲ. ಆದರೆ ರೋಡ್‌ಸೈಡ್ ಅಸಿಸ್ಟೆನ್ಸ್ ಆಡ್-ಆನ್ ಇದ್ದರೆ ಟೋಯಿಂಗ್ ಖರ್ಚು ಉಳಿಯುತ್ತದೆ. ಎಷ್ಟು ಕಿಲೋಮೀಟರ್‌ವರೆಗೆ ಉಚಿತ ಎಂದು ಪಾಲಿಸಿಯಲ್ಲಿ ಇಂದೇ ನೋಡಿಟ್ಟುಕೊಳ್ಳಿ. ಆಟೊಮ್ಯಾಟಿಕ್ ಗಾಡಿಗೆ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕೇಳಿ. ಚಾಲನೆಯ ಚಕ್ರ ನೆಲದ ಮೇಲೆ ಉರುಳುತ್ತ ಎಳೆದರೆ ಗೇರ್‌ಬಾಕ್ಸ್ ಹಾಳಾಗಿ ಮೂಲ ದೋಷಕ್ಕಿಂತ ಅದೇ ದುಬಾರಿಯಾಗುತ್ತದೆ.

ಜಾಬ್ ಕಾರ್ಡಿನಲ್ಲಿ ರೋಗದ ಹೆಸರು ಬರೆಸಬೇಡಿ, ಲಕ್ಷಣ ಬರೆಸಿ. ‘ಫ್ಯುಯೆಲ್ ಪಂಪ್ ಬದಲಿಸಿ’ ಎಂದು ನೀವೇ ಬರೆಸಿದರೆ ಅವರು ಬದಲಿಸುತ್ತಾರೆ. ಗಾಡಿ ಮತ್ತೆ ನಿಂತರೂ ಹೇಳಿದ ಕೆಲಸ ಮಾಡಿದ್ದೇವೆ ಎನ್ನುತ್ತಾರೆ. ‘ಬಿಸಿಯಾದ ಮೇಲೆ ಓಡುತ್ತಲೇ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಹತ್ತುತ್ತದೆ, ಆರ್‌ಪಿಎಂ ಮುಳ್ಳು ಏಳುವುದಿಲ್ಲ’ ಎಂದು ಬರೆಸಿದರೆ ಆ ತೊಂದರೆ ಹೋಗಿಸುವ ಹೊಣೆ ಅವರದ್ದು. ದೋಷ ಹುಡುಕುವುದಕ್ಕೇ ಪ್ರತ್ಯೇಕ ಚಾರ್ಜ್ ಎಷ್ಟೆಂದು ಮೊದಲೇ ಕೇಳಿ, ಮರುಮಾತಿಲ್ಲದೆ ಕೊಡಿ. ಆ ಐನೂರು ಸಾವಿರ ಉಳಿಸಲು ಹೋದವರಿಗೇ ಅಂದಾಜಿನ ಪಾರ್ಟುಗಳ ಬಿಲ್ ಬರುವುದು. ಎಸ್ಟಿಮೇಟ್ ಬರಹದಲ್ಲಿ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಇರಲಿ, ಅದಕ್ಕಿಂತ ಹೆಚ್ಚಾದರೆ ಫೋನ್ ಮಾಡದೆ ಮುಂದುವರಿಯಬಾರದು ಎಂದು ಬರೆಸಿ, ತೆಗೆದ ಹಳೆಯ ಪಾರ್ಟ್ ವಾಪಸ್ ಬೇಕು ಎಂದೂ ಬರೆಸಿ. ಹಳೆಯದನ್ನು ಕೇಳುತ್ತೀರಿ ಎಂದು ಗೊತ್ತಿದ್ದರೆ ಸುಮ್ಮನೆ ಬದಲಿಸುವುದು ತಾನಾಗಿಯೇ ಕಮ್ಮಿಯಾಗುತ್ತದೆ.

ಬಿಲ್ ಬಂದಾಗ ಪಾರ್ಟ್ ನಂಬರ್ ಮತ್ತು ಡಬ್ಬಿಯ ಮೇಲಿನ ಎಂಆರ್‌ಪಿ ಹೋಲಿಸಿ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18. ಅದಕ್ಕೂ ಮುಂಚೆ ಬಹಳಷ್ಟು ಪಾರ್ಟುಗಳಿಗೆ ಶೇ 28 ಇತ್ತು. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನರ್, ಎಸಿ ಸ್ಯಾನಿಟೈಜಿಂಗ್ ಮುಂತಾದ ಸಾಲುಗಳು ನಿಮ್ಮ ದೂರಿಗೆ ಸಂಬಂಧವಿಲ್ಲದಿದ್ದರೆ ತೆಗೆಸಿ.

ಎಲ್ಲದಕ್ಕೂ ಕಂಪನಿಯ ಲೋಗೊ ಇರುವ ಡಬ್ಬಿಯೇ ಬೇಕೆಂದಿಲ್ಲ. ಸೆನ್ಸರ್, ಪಂಪ್, ಕಾಯಿಲ್‌ಗಳನ್ನು ಕಾರು ಕಂಪನಿಗಳಿಗೆ ಮಾಡಿಕೊಡುವ ಬಾಷ್, ಡೆನ್ಸೊ ಮೊದಲಾದವರು ಅವನ್ನೇ ತಮ್ಮ ಹೆಸರಿನಲ್ಲೂ ಮಾರುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ವಿಚಾರಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಆದರೆ ಟೈಮಿಂಗ್ ಬೆಲ್ಟ್, ಹೆಡ್ ಗ್ಯಾಸ್ಕೆಟ್, ಬ್ರೇಕ್ ಪಾರ್ಟುಗಳಲ್ಲಿ ಹೆಸರಿಲ್ಲದ ಲೋಕಲ್ ಮಾಲು ಬೇಡ. ಆಲ್ಟರ್ನೇಟರ್, ಸೆಲ್ಫ್ ಮೋಟರ್ ಹೋದರೆ ಇಡೀ ಸೆಟ್ ಕೊಳ್ಳುವ ಮುಂಚೆ ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕಾರ್ಬನ್ ಬ್ರಷ್, ರೆಗ್ಯುಲೇಟರ್, ಬೇರಿಂಗ್ ಬದಲಿಸಿದರೆ ಹೊಸದರ ಕಾಲು ಭಾಗದ ಖರ್ಚಿನಲ್ಲೇ ಎಷ್ಟೋ ಸಲ ಮುಗಿಯುತ್ತದೆ. ಬ್ಯಾಟರಿಯಾದರೆ ವಾರಂಟಿ ಕಾರ್ಡಿನಲ್ಲಿ ಉಚಿತ ಬದಲಾವಣೆಯ ಅವಧಿ ಮತ್ತು ಪ್ರೊ-ರೇಟಾ ಅವಧಿ (ಬೆಲೆಯಲ್ಲಿ ಒಂದು ಪಾಲು ಮಾತ್ರ ರಿಯಾಯಿತಿ ಸಿಗುವ ಅವಧಿ) ಬೇರೆ ಬೇರೆ ಇರುತ್ತವೆ. ಹೊಸದನ್ನು ಕೊಳ್ಳುವ ಮುಂಚೆ ತಾರೀಕು ನೋಡಿ.

ಎಂಜಿನ್ ಬಿಚ್ಚುವಂಥ ದೊಡ್ಡ ಎಸ್ಟಿಮೇಟ್ ಬಂದರೆ ಎರಡನೇ ಗ್ಯಾರೇಜಿನ ಅಭಿಪ್ರಾಯ ಪಡೆಯಿರಿ, ಪಾಲಿಸಿಯಲ್ಲಿರುವ ಐಡಿವಿ (ವಿಮೆಗಾಗಿ ಗಾಡಿಗೆ ಕಟ್ಟಿದ ಬೆಲೆ) ಜೊತೆ ತೂಗಿ ನೋಡಿ. ಖರ್ಚು ಗಾಡಿಯ ಬೆಲೆಯ ಅರ್ಧ ದಾಟಿದರೆ, ಬಾಡಿ ಮತ್ತು ಗೇರ್‌ಬಾಕ್ಸ್ ಗಟ್ಟಿಮುಟ್ಟಾಗಿಲ್ಲದ ಪಕ್ಷದಲ್ಲಿ, ಇದ್ದ ಸ್ಥಿತಿಯಲ್ಲೇ ಮಾರುವುದು ಲೇಸು.

ಮಾಡದ ಕೆಲಸಕ್ಕೆ ಬಿಲ್, ಅದೇ ದೋಷ ಮರುಕಳಿಸಿದರೂ ನೋಡಲು ನಿರಾಕರಣೆ ಇಂಥವಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಜಾಬ್ ಕಾರ್ಡ್, ಎಸ್ಟಿಮೇಟ್, ಬಿಲ್, ಹಳೆಯ ಪಾರ್ಟಿನ ಫೋಟೊ ಇಲ್ಲದೆ ಅಲ್ಲಿ ಏನೂ ನಡೆಯದು.

ಗಾಡಿ ತೆಗೆದುಕೊಳ್ಳುವಾಗ ಗ್ಯಾರೇಜಿನ ಅಂಗಳದಲ್ಲಿ ಸ್ಟಾರ್ಟ್ ಮಾಡಿ ತೋರಿಸಿದರೆ ಒಪ್ಪಿಕೊಳ್ಳಬೇಡಿ. ಕೋಡ್ ಅಳಿಸಿಸಿ, ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಎಷ್ಟು ಹೊತ್ತಿಗೆ ನಿಂತಿತ್ತೋ ಅದಕ್ಕಿಂತ ಹೆಚ್ಚು ಹೊತ್ತು ಎಸಿ ಹಾಕಿ ಓಡಿಸಿ, ಬಿಸಿ ಇರುವಾಗಲೇ ಎರಡು ಮೂರು ಸಲ ಆಫ್ ಮಾಡಿ ಸ್ಟಾರ್ಟ್ ಮಾಡಿ. ವಾಪಸ್ ಬಂದು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ, ಕೋಡ್ ಬಂದಿಲ್ಲವಾದರೆ ಬಾಕಿ ಹಣ ಕೊಡಿ.